ಗೈಡ್ ಇಲ್ಲದೆ, ಮನೆಯವರೇ ಸೇರಿ ರಾಫ್ಟಿಂಗ್: ಶಾಂತ ನದಿಯಲ್ಲಿ ಕಡಿಮೆ ಖರ್ಚಿನ ಒಂದು ದಿನ

"ಮಕ್ಕಳನ್ನು ಕರೆದುಕೊಂಡು ನಾವೇ ರಾಫ್ಟಿಂಗ್ ಹೋಗಬಹುದಾ? ಗೈಡ್ ಬೇಕೇ ಬೇಕಾ? ಖರ್ಚು ಜಾಸ್ತಿ ಆಗುತ್ತಾ?" ಓದುಗರಿಂದ ನನಗೆ ಹೆಚ್ಚಾಗಿ ಬರುವ ಪ್ರಶ್ನೆಗಳು ಇವೇ. ಒಬ್ಬೊಬ್ಬರಿಗೆ ತುಂಡು ತುಂಡಾಗಿ ಉತ್ತರ ಹೇಳಿದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಅದಕ್ಕೇ ಮೊದಲಿನಿಂದ ಕೊನೆಯವರೆಗೆ ಒಂದೇ ಕಡೆ ಬರೆದಿದ್ದೇನೆ.

ರಾಫ್ಟಿಂಗ್ ಅಂದ ತಕ್ಷಣ ಬಿಳಿ ನೊರೆ, ಎಗರುವ ದೋಣಿ, ಕಿರುಚಾಟ ಕಣ್ಮುಂದೆ ಬರುತ್ತದೆ, ಅಲ್ವಾ? ನಾನು ಹೇಳುತ್ತಿರುವುದು ಅದಲ್ಲ. ನೀರು ತನ್ನ ಪಾಡಿಗೆ ಹರಿಯುತ್ತಿರುತ್ತದೆ, ಗಾಳಿ ತುಂಬಿದ ದೋಣಿ ಅದರ ಜೊತೆ ತೇಲುತ್ತದೆ, ಮಕ್ಕಳು ಹಕ್ಕಿ ಎಣಿಸುತ್ತಾರೆ, ನಡುವೆ ಒಂದು ಮರಳಿನ ದಡದಲ್ಲಿ ಊಟದ ಡಬ್ಬಿ ಬಿಚ್ಚುತ್ತೀರಿ. ಇಂಥ ದಿನಕ್ಕೆ ಗೈಡ್ ಇಲ್ಲದೆಯೂ ಹೋಗಬಹುದು. ಆದರೆ ಗೈಡ್ ಮಾಡುತ್ತಿದ್ದ ಕೆಲಸವೆಲ್ಲ ಈಗ ನಿಮ್ಮದು.

ಅದರಲ್ಲಿ ದೊಡ್ಡ ಕೆಲಸ ಯಾವುದು ಗೊತ್ತಾ? ಹುಟ್ಟು ಹಾಕುವುದಲ್ಲ, ನಿರ್ಧಾರ ಮಾಡುವುದು. ಯಾವ ನದಿ, ಎಷ್ಟು ದೂರ, ಇವತ್ತು ಹೋಗೋದಾ ಬೇಡವಾ ಎಂಬ ಪ್ರತಿ ನಿರ್ಧಾರವನ್ನೂ ದೋಣಿಯಲ್ಲಿರುವ ಅತಿ ಚಿಕ್ಕ ಮಗುವನ್ನು ನೋಡಿ ಮಾಡಿ. ಮಗುವಿಗಿಂತ ಜಾಸ್ತಿ ಹೆದರುವ ದೊಡ್ಡವರಿದ್ದರೆ ಅವರನ್ನು ನೋಡಿ ಮಾಡಿ. ಚೆನ್ನಾಗಿ ಈಜು ಬರುವವರನ್ನು ನೋಡಿ ಮಾಡಬೇಡಿ. ಈ ಒಂದು ಅಳತೆಗೋಲು ಕೈಯಲ್ಲಿದ್ದರೆ ಮುಂದಿನ ಹಂತಗಳೆಲ್ಲ ಸುಲಭ.

ಒಂದು ಷರತ್ತೂ ಇದೆ. ದೋಣಿಯಲ್ಲಿ ಈಜು ಬಲ್ಲ ದೊಡ್ಡವರು ಕನಿಷ್ಠ ಇಬ್ಬರಿರಬೇಕು. ಅವರಲ್ಲಿ ಒಬ್ಬರಾದರೂ ಹರಿಯುವ ನೀರಿನಲ್ಲಿ ಮೊದಲೇ ಹುಟ್ಟು ಹಾಕಿರಬೇಕು. ಯಾರೂ ಹಾಕಿಲ್ಲವೇ? ಹಾಗಾದರೆ ಮೊದಲ ಸಲ ಗೈಡ್ ಜೊತೆಗೇ ಹೋಗಿ, ಹಿಂದೆ ಕೂತು ಸುಮ್ನೆ ನೋಡದೆ ಕೇಳಿ ಕೇಳಿ ಕಲಿತುಕೊಳ್ಳಿ. ಆ ದುಡ್ಡು ದಂಡವಲ್ಲ.

1. ನದಿಯನ್ನು ಆರಿಸುವುದು

ನದಿಯ ಒಂದೊಂದು ಭಾಗ ಎಷ್ಟು ಕಷ್ಟ ಎಂದು ಹೇಳಲು 1ರಿಂದ 6ರವರೆಗಿನ ದರ್ಜೆ ಇದೆ. ಅಮೆರಿಕನ್ ವೈಟ್‌ವಾಟರ್ ಎಂಬ ಸಂಸ್ಥೆ ರೂಪಿಸಿದ ಈ ಅಳತೆಯನ್ನು ಬೇರೆ ದೇಶಗಳಲ್ಲೂ ಬಳಸುತ್ತಾರೆ. 1ನೇ ದರ್ಜೆ ಅಂದರೆ ಹರಿವು ಇದೆ, ಸಣ್ಣ ಅಲೆ ಇದೆ, ಅಡ್ಡಿ ಕಡಿಮೆ, ಅದೂ ದೂರದಿಂದಲೇ ಕಾಣುತ್ತದೆ. ನೀರಿಗೆ ಬಿದ್ದವರು ತಾವೇ ದಡ ಸೇರಬಹುದು. 2ನೇ ದರ್ಜೆಯಲ್ಲಿ ಅಲ್ಲಲ್ಲಿ ರಭಸ ಇರುತ್ತದೆ, ಆದರೆ ದಾರಿ ಅಗಲ, ನೋಡಿದರೆ ತಿಳಿಯುತ್ತದೆ. 3ರಿಂದ ಮುಂದೆ ಅಲೆಗಳು ಅಡ್ಡಾದಿಡ್ಡಿ, ತಿರುವುಗಳು ಇಕ್ಕಟ್ಟು. ಅದು ಈ ಲೇಖನದ ಮಾತಲ್ಲ. 6 ಅಂದರೆ ಪಳಗಿದವರೂ ಯೋಚಿಸಿ ಬಿಟ್ಟುಬಿಡುವಂಥದ್ದು.

ಮೊದಲ ಸಲ 1ನೇ ದರ್ಜೆ ಮಾತ್ರ. ನಾಲ್ಕೈದು ಸಲ ಹೋಗಿ ಕೈ ಪಳಗಿದ ಮೇಲೆ 2ನೆಯದರ ಯೋಚನೆ ಮಾಡಿ.

ಇಲ್ಲಿ ತುಂಬಾ ಜನ ಎಡವುತ್ತಾರೆ. ದರ್ಜೆ ಎಂಬುದು ಕಲ್ಲಿನ ಮೇಲೆ ಕೆತ್ತಿದ ಅಕ್ಷರವಲ್ಲ. ನೀರು ಏರಿದರೆ ಅದೇ ನದಿ ಬೇರೆ ನದಿಯಾಗುತ್ತದೆ. ಎಷ್ಟು ನೀರು ಹರಿಯುತ್ತಿದೆ ಎಂಬುದನ್ನು ಕ್ಯೂಮೆಕ್‌ನಲ್ಲಿ ಹೇಳುತ್ತಾರೆ. ಒಂದು ಕ್ಯೂಮೆಕ್ ಅಂದರೆ ಸೆಕೆಂಡಿಗೆ ಒಂದು ಘನ ಮೀಟರ್, ಅಂದರೆ 1000 ಲೀಟರ್. ತೂಕದಲ್ಲಿ ಒಂದು ಟನ್. ಪ್ರತಿ ಸೆಕೆಂಡೂ ಅಷ್ಟು ತೂಕ ನಿಮ್ಮ ಎದುರು ಹಾದುಹೋಗುತ್ತಿದೆ ಎಂದು ಊಹಿಸಿಕೊಳ್ಳಿ. ಇನ್ನೊಂದು ಲೆಕ್ಕವೂ ನೆನಪಿರಲಿ: ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. "ಸ್ವಲ್ಪ ಜೋರಾಗಿದೆ ಅಷ್ಟೇ" ಎಂಬ ಮಾತು ಅದಕ್ಕೇ ಮೋಸ ಮಾಡುತ್ತದೆ.

ಅನೇಕ ನದಿಗಳಲ್ಲಿ ಮಟ್ಟ ಅಳೆಯುವ ಕೇಂದ್ರಗಳಿರುತ್ತವೆ, ದಿನದ ಅಂಕಿ ಇಂಟರ್ನೆಟ್‌ನಲ್ಲೇ ಸಿಗುತ್ತದೆ. ಹೋಗುವ ವಾರದ ಮೊದಲಿನಿಂದಲೇ ಬರೆದುಕೊಳ್ಳುತ್ತಾ ಬನ್ನಿ. ಇವತ್ತಿನ ಅಂಕಿಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮುಖ್ಯ. ಏರುತ್ತಿದ್ದರೆ ಹೋಗಬೇಡಿ. ಮೇಲೆ ಅಣೆಕಟ್ಟು ಇದ್ದರೆ ನೀರು ಬಿಡುವ ಸಮಯ ಯಾವುದು ಎಂದು ಕೇಳಲೇಬೇಕು. ಆಕಾಶ ತಿಳಿಯಾಗಿರುವ ದಿನವೂ ಅರ್ಧ ಗಂಟೆಯಲ್ಲಿ ನೀರು ಮೊಣಕಾಲಿನಿಂದ ಎದೆಗೆ ಬರಬಹುದು.

ಆ ಊರಿನಲ್ಲಿ ದೋಣಿ ನಡೆಸುವವರು, ಮೀನು ಹಿಡಿಯುವವರು ಸಿಕ್ಕರೆ ಹತ್ತು ನಿಮಿಷ ಮಾತಾಡಿ. ಹಾಗೆಯೇ, ಕೆಲವು ಕಡೆ ದೋಣಿ ಇಳಿಸಲು ಪರವಾನಗಿ ಬೇಕು, ಕೆಲವು ಕಡೆ ದಡ ಖಾಸಗಿ ಜಮೀನು. ಇದನ್ನು ಮೊದಲೇ ವಿಚಾರಿಸಿದರೆ ಅಲ್ಲಿಗೆ ಹೋಗಿ ವಾಪಸ್ ಬರುವುದು ತಪ್ಪುತ್ತದೆ.

2. ಎಷ್ಟು ದೂರ, ಎಷ್ಟು ಹೊತ್ತು

ಶಾಂತ ನದಿ ಸಾಮಾನ್ಯವಾಗಿ ಗಂಟೆಗೆ 3ರಿಂದ 5 ಕಿಲೋಮೀಟರ್ ವೇಗದಲ್ಲಿ ಹರಿಯುತ್ತದೆ. ಹಾಗಂತ ನಾಲ್ಕು ಗಂಟೆಗೆ 20 ಕಿಲೋಮೀಟರ್ ಎಂದು ಲೆಕ್ಕ ಹಾಕಬೇಡಿ. ಮಕ್ಕಳಿಗೆ ಹಸಿವಾಗುತ್ತದೆ, ಮೂತ್ರಕ್ಕೆ ಇಳಿಯಬೇಕು, ಕಲ್ಲು ಆರಿಸಬೇಕು. ಆಳವಾದ ಮಡುವಿನಲ್ಲಿ ನೀರು ನಿಂತೇ ಬಿಟ್ಟಂತೆ ಇರುತ್ತದೆ. ಮಧ್ಯಾಹ್ನದ ಮೇಲೆ ಎದುರುಗಾಳಿ ಎದ್ದರೆ ದೋಣಿ ಹಿಂದಕ್ಕೇ ಹೋಗುತ್ತದೆ. ಹಗುರವಾದ, ಎತ್ತರದ ಅಂಚಿನ ದೋಣಿಗೆ ಗಾಳಿ ದೊಡ್ಡ ಶತ್ರು.

ಮೊದಲ ಸಲಕ್ಕೆ 6ರಿಂದ 8 ಕಿಲೋಮೀಟರ್ ಸಾಕು. ಬೆಳಿಗ್ಗೆ ಬೇಗ ಹೊರಟು, ಬಿಸಿಲು ಇಳಿಯುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿಯುವ ಹಾಗೆ ಯೋಜನೆ ಮಾಡಿ. ಬೇಗ ಮುಗಿದರೆ ಕೊನೆಯ ದಡದಲ್ಲಿ ಆಟ ಆಡಬಹುದು. ತಡವಾದರೆ ಮಾತ್ರ ಕತ್ತಲು, ಚಳಿ, ಸುಸ್ತು ಮೂರೂ ಒಟ್ಟಿಗೆ ಬರುತ್ತವೆ. ಹಠ ಮಾಡುವ ಮಗುವಿನಷ್ಟೇ ಆಗ ದೊಡ್ಡವರೂ ತಪ್ಪು ಮಾಡುತ್ತಾರೆ.

ನಡುವೆ ಬೇಕೆಂದರೆ ರಸ್ತೆಗೆ ಹತ್ತಬಹುದಾದ ಜಾಗ ಒಂದಾದರೂ ಇರಲಿ. ಸೇತುವೆ ಇದ್ದರೆ ಅನುಕೂಲ.

3. ದಡದಲ್ಲಿ ನಡೆದು ನೋಡುವುದು

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಮೊದಲು ಉಪಗ್ರಹ ಚಿತ್ರದಲ್ಲಿ ಇಡೀ ದಾರಿಯನ್ನು ದೊಡ್ಡದು ಮಾಡಿ ನೋಡಿ. ಆಮೇಲೆ ಹಿಂದಿನ ದಿನವೋ ಅದೇ ಬೆಳಿಗ್ಗೆಯೋ ಸಾಧ್ಯವಾದಷ್ಟು ದಡದಲ್ಲಿ ನಡೆಯಿರಿ. ಶಾಂತ ನದಿಯಲ್ಲಿ ಅಲೆಯಿಂದ ತೊಂದರೆ ಆಗುವುದು ಕಡಿಮೆ. ದರ್ಜೆಯ ಅಂಕಿಯಲ್ಲಿ ಕಾಣಿಸದ ಬೇರೆ ಸಂಗತಿಗಳಿಂದಲೇ ಜಾಸ್ತಿ.

ಮೊದಲನೆಯದು ನೀರಿಗೆ ಬಿದ್ದ ಮರ. ಇದನ್ನು ಸ್ಟ್ರೇನರ್ ಅನ್ನುತ್ತಾರೆ, ಅಂದರೆ ಜರಡಿ. ನೀರು ಕೊಂಬೆಗಳ ಸಂದಿಯಲ್ಲಿ ಸೋಸಿ ಹೋಗುತ್ತದೆ, ಮನುಷ್ಯ ಹೋಗಲಾರ, ಹಿಂದಿನಿಂದ ಬರುವ ನೀರು ಅವನನ್ನು ಅಲ್ಲೇ ಒತ್ತಿ ಹಿಡಿಯುತ್ತದೆ. ತಿರುವಿನ ಹೊರ ಅಂಚಿನಲ್ಲಿ ನೀರು ದಡವನ್ನು ಕೊರೆಯುವುದರಿಂದ ಮರಗಳು ಬೀಳುವುದು ಅಲ್ಲೇ. ಸೆಳವು ದೋಣಿಯನ್ನು ಎಳೆಯುವುದೂ ಅಲ್ಲಿಗೇ. ಎರಡೂ ಒಂದೇ ಕಡೆ ಸೇರುವುದರಿಂದ ತಿರುವು ಬಂತು ಅಂದರೆ ಒಳ ಅಂಚಿಗೆ ಹೋಗುವ ಅಭ್ಯಾಸ ಮಾಡಿಕೊಳ್ಳಿ. ಕಳೆದ ಸಲ ಇಲ್ಲದ ಮರ ಈ ಸಲ ಇರಬಹುದು, ಹಾಗಾಗಿ ಗೊತ್ತಿರುವ ನದಿಯನ್ನೂ ನಡೆದು ನೋಡಬೇಕು.

ಎರಡನೆಯದು ಕಿರು ಒಡ್ಡು. ನದಿಗೆ ಅಡ್ಡ ಕಟ್ಟಿದ ಗಿಡ್ಡ ಗೋಡೆ, ಕೆಲವು ಒಂದು ಮೀಟರ್ ಎತ್ತರವೂ ಇರುವುದಿಲ್ಲ. ದೋಣಿಯಲ್ಲಿ ಕೂತವರಿಗೆ ಕಾಣುವುದು ನೀರಿನ ಮೇಲೆ ಎಳೆದಂಥ ಒಂದು ನೇರ ಗೆರೆ ಮಾತ್ರ. ನೋಡಲು ಜಾರುಬಂಡೆಯ ಹಾಗೆ, ಏನೂ ಆಗುವುದಿಲ್ಲ ಅನ್ನಿಸುತ್ತದೆ. ಆದರೆ ಗೋಡೆಯಿಂದ ಕೆಳಗೆ ಬಿದ್ದ ನೀರು ಮೇಲೆದ್ದು ಮತ್ತೆ ಗೋಡೆಯ ಕಡೆಗೇ ಉರುಳುತ್ತದೆ. ಅದರಲ್ಲಿ ಸಿಕ್ಕವರನ್ನು ಬುಡಕ್ಕೆ ಎಳೆದು, ಮೇಲೆ ತಂದು, ಮತ್ತೆ ಎಳೆಯುತ್ತದೆ. ನದಿಯ ಅಗಲಕ್ಕೂ ಗೋಡೆ ಒಂದೇ ಸಮ ಇರುವುದರಿಂದ ಪಕ್ಕಕ್ಕೆ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಲೈಫ್ ಜಾಕೆಟ್ ಹಾಕಿದ್ದರೂ, ಒಳ್ಳೆಯ ಈಜುಗಾರರಾದರೂ ಅಷ್ಟೇ. ರಕ್ಷಿಸಲು ಹೋದವರೂ ಇದರಲ್ಲಿ ಜೀವ ಕಳೆದುಕೊಂಡಿದ್ದಾರೆ. ನಿಮ್ಮ ದಾರಿಯಲ್ಲಿ ಒಡ್ಡು ಇದ್ದರೆ ಬೇರೆ ದಾರಿ ಆರಿಸಿ. ಇಲ್ಲವೇ ಅದಕ್ಕಿಂತ ತುಂಬಾ ಮೊದಲೇ ಯಾತ್ರೆ ಮುಗಿಸಿ.

ಮೂರನೆಯದು ಸೇತುವೆಯ ಕಂಬಗಳು. ಕಂಬಕ್ಕೆ ಕಸ ಕಡ್ಡಿ ಸಿಕ್ಕಿಕೊಂಡಿದ್ದರೆ ಅದೂ ಒಂದು ಜರಡಿ. ಎರಡು ಕಂಬಗಳ ನಡುವೆ ನೇರವಾಗಿ ಹೋಗುವಷ್ಟು ಜಾಗ ಇದೆಯೇ ನೋಡಿ.

ಮುಗಿಸುವ ಜಾಗದ ಗುರುತನ್ನು ನೀರಿನ ಮಟ್ಟದಿಂದ ನೋಡಿಕೊಳ್ಳಿ. ರಸ್ತೆಯಿಂದ ಚೆನ್ನಾಗಿ ಕಾಣುವ ಜಾಗ ನದಿಯಿಂದ ಕಾಣುವುದೇ ಇಲ್ಲ. ಅಲ್ಲಿ ಮರಕ್ಕೆ ಬಣ್ಣದ ಬಟ್ಟೆಯೊಂದನ್ನು ಕಟ್ಟಿ, ಫೋಟೋ ತೆಗೆದಿಟ್ಟುಕೊಳ್ಳಿ. ಮುಗಿಸಿದ ಮೇಲೆ ಬಟ್ಟೆ ಬಿಚ್ಚಿಕೊಂಡು ಬನ್ನಿ.

4. ದೋಣಿ ಮತ್ತು ದುಡ್ಡು

ಮೊದಲ ಒಂದೆರಡು ಸಲ ರಾಫ್ಟ್ ಕೊಳ್ಳಬೇಡಿ, ಬಾಡಿಗೆಗೆ ತೆಗೆದುಕೊಳ್ಳಿ. ಆಮೇಲೆ ಕೊಳ್ಳುವ ಮನಸ್ಸಾದರೆ ರಾಫ್ಟಿನ ಬೆಲೆಯನ್ನು ಒಂದು ದಿನದ ಬಾಡಿಗೆಯಿಂದ ಭಾಗಿಸಿ. ಬಂದ ಅಂಕಿಯಷ್ಟು ಸಲ ನೀವು ನಿಜವಾಗಿಯೂ ಹೋಗುತ್ತೀರಾ ಎಂದು ಮನೆಯವರ ಹತ್ತಿರ ಕೇಳಿ.

ಈಜುಕೊಳದ ಆಟಕ್ಕೆ ಮಾರುವ ತೆಳು ಪ್ಲಾಸ್ಟಿಕ್ ದೋಣಿ ಅಗ್ಗಕ್ಕೆ ಸಿಗುತ್ತದೆ. ನದಿಗೆ ಅದು ಬೇಡವೇ ಬೇಡ. ನಿಜವಾದ ರಾಫ್ಟಿನಲ್ಲಿ ಗಾಳಿ ಹಲವು ಪ್ರತ್ಯೇಕ ಕೋಣೆಗಳಲ್ಲಿರುತ್ತದೆ. ಒಂದು ಹರಿದರೂ ಉಳಿದವು ದೋಣಿಯನ್ನು ತೇಲಿಸುತ್ತವೆ. "ಸೆಲ್ಫ್ ಬೇಲಿಂಗ್" ಎಂಬ ಮಾತು ಕೇಳುತ್ತೀರಿ. ಒಳಗೆ ಬಂದ ನೀರು ತಳದ ತೂತುಗಳಿಂದ ತಾನೇ ಹೊರಹೋಗುವ ದೋಣಿ ಎಂದರ್ಥ. ಶಾಂತ ನದಿಗೆ ಇದು ಕಡ್ಡಾಯವಲ್ಲ, ನೀರು ಎತ್ತಿಹಾಕಲು ಒಂದು ಬಕೆಟ್ ಇದ್ದರೆ ಸಾಕು. ನಾಲ್ಕೈದು ಜನಕ್ಕೆ ಸುಮಾರು 12 ಅಡಿ ಉದ್ದದ್ದು ಸಾಕಾಗುತ್ತದೆ. ದೋಣಿಯ ಮೇಲೆ ಬರೆದಿರುವ ತೂಕದ ಮಿತಿಯನ್ನು ಸಾಮಾನೂ ಸೇರಿಸಿ ಲೆಕ್ಕ ಹಾಕಿ.

ಬಾಡಿಗೆ ಮಾತಾಡುವಾಗ ಬೆಲೆಯಲ್ಲಿ ಏನೇನು ಸೇರಿದೆ ಎಂದು ಕೇಳಿ: ಹುಟ್ಟುಗಳು, ಒಂದು ಹೆಚ್ಚುವರಿ ಹುಟ್ಟು, ಪಂಪ್, ತೇಪೆ ಹಾಕುವ ಸಾಮಾನು, ಮಕ್ಕಳ ಅಳತೆಯ ಜಾಕೆಟ್. ಹಾನಿಯಾದರೆ ಎಷ್ಟು ಕಟ್ಟಬೇಕು, ನೀರು ಏರಿ ನಾವು ರದ್ದು ಮಾಡಿದರೆ ಮುಂಗಡ ವಾಪಸ್ ಬರುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಕೊನೆಯದು ಯಾಕೆ ಮುಖ್ಯ ಅಂದರೆ, ಮುಂಗಡ ಹೋಗುತ್ತದೆ ಎಂಬ ಸಂಕಟಕ್ಕೇ ಜನ ಹೋಗಬಾರದ ದಿನ ಹೋಗುತ್ತಾರೆ.

ಎಲ್ಲಿ ಉಳಿಸಬಹುದು? ರಜೆಯ ದಿನ ಬಿಟ್ಟು ವಾರದ ನಡುವೆ ಹೋಗಿ. ಇನ್ನೊಂದು ಕುಟುಂಬದ ಜೊತೆ ಸೇರಿ ಎರಡು ದೋಣಿ ತೆಗೆದುಕೊಳ್ಳಿ. ಪಂಪು, ಹಗ್ಗ, ಔಷಧಿ ಪೆಟ್ಟಿಗೆ ಹಂಚಿಕೊಂಡರೆ ಆಯಿತು, ಜೊತೆಗೆ ಒಂದು ದೋಣಿಗೆ ತೊಂದರೆಯಾದರೆ ಇನ್ನೊಂದು ಇರುತ್ತದೆ. ನೀರು ನುಗ್ಗದ ದುಬಾರಿ ಚೀಲದ ಬದಲು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಬಳಸಿ. ಬಟ್ಟೆಯನ್ನು ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ. ಹತ್ತಿರದ ನದಿಯನ್ನೇ ಆರಿಸಿ, ಯಾಕೆಂದರೆ ಪೆಟ್ರೋಲ್ ಖರ್ಚು ಎರಡು ಗಾಡಿಗೆ ಬೀಳುತ್ತದೆ.

ಎಲ್ಲಿ ಉಳಿಸಬಾರದು? ಮುಂದಿನ ಹಂತದಲ್ಲಿ.

5. ಲೈಫ್ ಜಾಕೆಟ್

ಜಾಕೆಟ್ ಎಷ್ಟು ಎತ್ತಿ ಹಿಡಿಯುತ್ತದೆ ಎಂಬುದನ್ನು ನ್ಯೂಟನ್ ಅಂಕಿಯಲ್ಲಿ ಬರೆದಿರುತ್ತಾರೆ. 50 ಎಂದು ಬರೆದಿದ್ದರೆ ಅದು ಈಜು ಬಲ್ಲವರಿಗೆ ತೇಲಲು ಸಹಾಯ ಮಾಡುವಂಥದ್ದು. 100 ಎಂದಿದ್ದರೆ ಶಾಂತ ನೀರಿನಲ್ಲಿ ಮುಖ ಮೇಲೆ ಇರುವಂತೆ ತಿರುಗಿಸಲು ನೆರವಾಗುತ್ತದೆ. ಈಜು ಬಾರದವರಿಗೂ ಚಿಕ್ಕ ಮಕ್ಕಳಿಗೂ 100ರದ್ದೇ ಬೇಕು. ಚಿಕ್ಕವರದ್ದಕ್ಕೆ ಕಾಲಿನ ನಡುವೆ ಹಾಯುವ ಪಟ್ಟಿ, ತಲೆಯ ಹಿಂದೆ ಆನಿಸುವ ಕಾಲರ್, ಎತ್ತಲು ಒಂದು ಹಿಡಿ ಇರಬೇಕು.

ಅಳತೆ ನೋಡುವುದು ಹೀಗೆ. ಎಲ್ಲ ಪಟ್ಟಿ ಬಿಗಿಯಿರಿ. ಮಗುವಿನ ಎರಡೂ ಭುಜದ ಹತ್ತಿರ ಜಾಕೆಟ್ ಹಿಡಿದು ಮೇಲಕ್ಕೆ ಎತ್ತಿ. ಜಾಕೆಟ್ ಕಿವಿಯವರೆಗೆ ಜಾರಿತೇ? ಅದು ದೊಡ್ಡದು, ಬೇಡ. "ಮುಂದಿನ ವರ್ಷಕ್ಕೂ ಆಗುತ್ತೆ" ಎಂದು ದೊಡ್ಡದನ್ನು ಕೊಳ್ಳುವ ಅಭ್ಯಾಸ ಬಟ್ಟೆಗೆ ಸರಿ, ಇದಕ್ಕೆ ಅಲ್ಲ. ಒಳಗೆ ಬರೆದಿರುವ ತೂಕದ ಮಿತಿ ಓದಿ. ಹೊಲಿಗೆ ಬಿಟ್ಟಿದ್ದರೆ, ಕ್ಲಿಪ್ ಮುರಿದಿದ್ದರೆ ಬದಲಾಯಿಸಿಕೊಡಲು ಕೇಳಿ. ಮಗುವಿಗೆ ಸರಿಯಾಗಿ ಕೂರುವ ಜಾಕೆಟ್ ಸಿಗಲೇ ಇಲ್ಲ ಅಂದರೆ ಆ ಮಗು ಇನ್ನೂ ರಾಫ್ಟಿಂಗಿಗೆ ಚಿಕ್ಕದು. ವಯಸ್ಸಿನ ಲೆಕ್ಕಕ್ಕಿಂತ ಇದು ನಂಬಬಹುದಾದ ಲೆಕ್ಕ.

ನೀರಿನ ಮೇಲಿರುವಷ್ಟು ಹೊತ್ತೂ ಎಲ್ಲರ ಮೈಮೇಲೂ ಜಾಕೆಟ್ ಇರಬೇಕು. ದೊಡ್ಡವರು ಬಿಚ್ಚಿದರೆ ಮಕ್ಕಳೂ ಬಿಚ್ಚುತ್ತಾರೆ. ಮಗುವನ್ನು ದೋಣಿಗೆ ಹಗ್ಗದಲ್ಲಿ ಕಟ್ಟುವುದು ಮಾತ್ರ ಯಾವತ್ತೂ ಬೇಡ. ದೋಣಿ ಮಗುಚಿದರೆ ಆ ಹಗ್ಗವೇ ಮಗುವನ್ನು ಕೆಳಗೆ ಹಿಡಿದಿಡುತ್ತದೆ. ದೋಣಿಯೊಳಗೆ ಸಡಿಲವಾಗಿ ಬಿದ್ದ ಹಗ್ಗವೂ ಇರಬಾರದು.

ಜೊತೆಗೆ ಇರಲೇಬೇಕಾದವು: ಪ್ರತಿ ಜಾಕೆಟ್ಟಿಗೂ ಒಂದು ವಿಶಲ್, ಎಸೆಯುವ ಹಗ್ಗದ ಚೀಲ, ಹಗ್ಗ ಕತ್ತರಿಸಲು ಚಾಕು, ಔಷಧಿ ಪೆಟ್ಟಿಗೆ, ನೀರು ನುಗ್ಗದ ಹಾಗೆ ಇಟ್ಟ ಫೋನ್. ಎಸೆಯುವ ಚೀಲ ಅಂದರೆ 15ರಿಂದ 20 ಮೀಟರ್ ತೇಲುವ ಹಗ್ಗವನ್ನು ತುಂಬಿದ ಸಣ್ಣ ಚೀಲ. 2ನೇ ದರ್ಜೆಗೆ ಹೋಗುವಾಗ ಎಲ್ಲರಿಗೂ ಹೆಲ್ಮೆಟ್ ಬೇಕು. 1ರಲ್ಲೂ ಮಕ್ಕಳಿಗೆ ಹಾಕಿದರೆ ಒಳ್ಳೆಯದು.

6. ಬಟ್ಟೆ, ಚಳಿ, ಬಿಸಿಲು

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಬಟ್ಟೆ ಹಾಕುವುದು ಹೊರಗಿನ ಬಿಸಿಲಿಗೆ ತಕ್ಕಂತೆ ಅಲ್ಲ, ನೀರಿಗೆ ತಕ್ಕಂತೆ. ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಗೆ ಅಂಟಿ ಚಳಿ ಹೆಚ್ಚಿಸುತ್ತದೆ. ಉಣ್ಣೆ ಅಥವಾ ಬೇಗ ಒಣಗುವ ಸಿಂಥೆಟಿಕ್ ಬಟ್ಟೆ ಹಾಕಿ. ಜೀನ್ಸ್ ಬೇಡ.

15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿನ ನೀರು ಮಕ್ಕಳಿರುವ ಯಾತ್ರೆಗೆ ತಕ್ಕದ್ದಲ್ಲ. ಕರಗಿದ ಹಿಮದಿಂದ ಬರುವ ನದಿ, ಆಳವಾದ ಜಲಾಶಯದ ತಳದಿಂದ ಬಿಟ್ಟ ನೀರು ಬೇಸಿಗೆಯಲ್ಲೂ ಕೊರೆಯುತ್ತಿರುತ್ತದೆ. ತೀರಾ ತಣ್ಣಗಿನ ನೀರಿಗೆ ಬಿದ್ದಾಗ ಏನಾಗುತ್ತದೆ ಎಂಬುದಕ್ಕೆ 1-10-1 ಎಂಬ ಸೂತ್ರ ಇದೆ. ಮೊದಲ 1 ನಿಮಿಷ ಉಸಿರು ಕಟ್ಟಿದಂತೆ ಏದುಸಿರು ಬರುತ್ತದೆ, ಅದನ್ನು ಹಿಡಿತಕ್ಕೆ ತರಬೇಕು. ಆಮೇಲಿನ 10 ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ. ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಇದು ದೊಡ್ಡವರ ಲೆಕ್ಕ. ಮಕ್ಕಳ ಮೈ ಇನ್ನೂ ಬೇಗ ತಣ್ಣಗಾಗುತ್ತದೆ. ಮಗುವಿನ ತುಟಿ ನೀಲಿಯಾದರೆ, ನಡುಕ ಬಂದರೆ, ಇದ್ದಕ್ಕಿದ್ದಂತೆ ಮಾತು ಕಡಿಮೆಯಾದರೆ ದಡಕ್ಕೆ ಹೋಗಿ ಒಣ ಬಟ್ಟೆ ಹಾಕಿಸಿ. ಒಬ್ಬೊಬ್ಬರಿಗೂ ಒಂದು ಜೊತೆ ಒಣ ಬಟ್ಟೆ ಡಬ್ಬದಲ್ಲಿ ಇರಲೇಬೇಕು.

ಕಾಲಿಗೆ ಬೆರಳು ಮುಚ್ಚುವ, ಕಟ್ಟಿಕೊಳ್ಳುವ ಹಳೆಯ ಶೂ ಸಾಕು. ಚಪ್ಪಲಿ ಮೊದಲ ಕೆಸರಿನಲ್ಲೇ ಹೋಗುತ್ತದೆ. ಬಿಸಿಲು ನೀರಿನಿಂದ ಪ್ರತಿಫಲಿಸಿ ಗಲ್ಲದ ಕೆಳಗೂ ಸುಡುತ್ತದೆ, ಆದ್ದರಿಂದ ತುಂಬುತೋಳಿನ ಅಂಗಿ, ಟೋಪಿ. ಕುಡಿಯುವ ನೀರನ್ನು ಎಣಿಸಿದ್ದಕ್ಕಿಂತ ಜಾಸ್ತಿ ಒಯ್ಯಿರಿ.

7. ಎರಡು ಗಾಡಿಗಳ ಲೆಕ್ಕ

ನದಿ ಒಂದೇ ದಿಕ್ಕಿಗೆ ಹರಿಯುತ್ತದೆ. ಗಾಡಿ ಇರುವುದು ಹೊರಟ ಜಾಗದಲ್ಲಿ, ನೀವು ಮುಗಿಸುವುದು ಇನ್ನೊಂದರಲ್ಲಿ. ಈ ಓಡಾಟಕ್ಕೆ ಶಟಲ್ ಅನ್ನುತ್ತಾರೆ. ಮೊದಲು ಎಲ್ಲರೂ ಹೊರಡುವ ಜಾಗಕ್ಕೆ ಬಂದು ಸಾಮಾನು ಇಳಿಸಿ. ಒಬ್ಬ ದೊಡ್ಡವರು ಮಕ್ಕಳ ಜೊತೆ ನೀರಿನಿಂದ ದೂರ ಇರಲಿ. ಉಳಿದ ಇಬ್ಬರು ಎರಡೂ ಗಾಡಿ ತೆಗೆದುಕೊಂಡು ಮುಗಿಸುವ ಜಾಗಕ್ಕೆ ಹೋಗಿ, ಒಂದನ್ನು ಅಲ್ಲಿ ಬಿಟ್ಟು, ಇನ್ನೊಂದರಲ್ಲಿ ವಾಪಸ್ ಬರಲಿ. ಗಾಡಿ ಒಂದೇ ಇದ್ದರೆ ಕೆಳಗೆ ಒಂದು ಸೈಕಲ್ ಬಿಟ್ಟು ಬನ್ನಿ. 8 ಕಿಲೋಮೀಟರ್ ಸೈಕಲ್ ತುಳಿಯುವುದು ಒಬ್ಬರಿಗೆ ಕಷ್ಟವಲ್ಲ.

ಕೆಳಗಿನ ಗಾಡಿಯ ಕೀಲಿ ಯಾರ ಹತ್ತಿರ ಇದೆ ಎಂದು ದೋಣಿ ತಳ್ಳುವ ಮೊದಲು ಗಟ್ಟಿಯಾಗಿ ಕೇಳಿ, ಕಣ್ಣಾರೆ ನೋಡಿ. ನಮ್ಮ ಮೊದಲ ಯಾತ್ರೆಯಲ್ಲಿ ಅದು ಮೇಲಿನ ಗಾಡಿಯಲ್ಲೇ ಉಳಿದಿತ್ತು. ಒದ್ದೆ ಮಕ್ಕಳ ಜೊತೆ ಎರಡು ಗಂಟೆ ಕಾದೆವು. ಈಗ ಕೀಲಿ ಔಷಧಿ ಪೆಟ್ಟಿಗೆಯೊಳಗೆ, ಪಿನ್ ಹಾಕಿದ ಚೀಲದಲ್ಲಿ ಇರುತ್ತದೆ.

ಎಲ್ಲಿಂದ ಎಲ್ಲಿಗೆ, ಎಷ್ಟು ಜನ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದನ್ನು ದಡದ ಮೇಲಿರುವ ಒಬ್ಬರಿಗೆ ಬರೆದು ಕಳಿಸಿ. ಇಷ್ಟು ಹೊತ್ತಾದರೂ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು ಎಂಬುದನ್ನೂ ಬರೆಯಿರಿ.

8. ಹೊರಡುವ ಮೊದಲು ಅರ್ಧ ಗಂಟೆ ಅಭ್ಯಾಸ

ದೋಣಿಗೆ ಗಾಳಿ ತುಂಬಿ, ಬಿಗಿಯಾಗುವ ತನಕ. ಬಿಸಿಲಿನಲ್ಲಿ ತುಂಬಿದ ದೋಣಿ ತಣ್ಣನೆ ನೀರಿಗೆ ಇಳಿದ ಮೇಲೆ ಮೆತ್ತಗಾಗುತ್ತದೆ, ಆಗ ಇನ್ನಷ್ಟು ತುಂಬಿ. ಊಟಕ್ಕೆ ದಡಕ್ಕೆ ಎಳೆದು ಬಿಸಿಲಿನಲ್ಲಿ ಬಿಟ್ಟಾಗ ಇದೇ ತಿರುಗಿ ಆಗುತ್ತದೆ. ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಡಬಹುದು. ಸ್ವಲ್ಪ ಗಾಳಿ ಬಿಡಿ, ಇಲ್ಲವೇ ಅರ್ಧ ನೀರಿನಲ್ಲೇ ಇರಿಸಿ.

ಎಲ್ಲರೂ ದಡದ ಮೇಲೇ ದೋಣಿಯಲ್ಲಿ ಕೂತು ಅಭ್ಯಾಸ ಮಾಡಿ. ಅಪ್ಪಣೆ ಕೊಡುವವರು ಒಬ್ಬರೇ, ಅವರು ಹಿಂದೆ ಕೂರಬೇಕು. "ಮುಂದೆ", "ಹಿಂದೆ", "ನಿಲ್ಸಿ", "ಹಿಡ್ಕೊಳ್ಳಿ". ನಾಲ್ಕೇ ಮಾತು. ಹುಟ್ಟಿನ ತುದಿಯ ಅಡ್ಡ ಹಿಡಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಬೇಕು. ಬಿಟ್ಟರೆ ಅದು ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ಮಕ್ಕಳು ನಡುವೆ, ದೊಡ್ಡವರ ಕೈಗೆ ಸಿಗುವಷ್ಟು ಹತ್ತಿರ.

ನೀರಿಗೆ ಬಿದ್ದರೆ ಏನು ಮಾಡಬೇಕು ಎಂಬುದನ್ನು ಹೆದರಿಸದೆ, ಆಟದ ಹಾಗೆ ಹೇಳಿಕೊಡಿ. ಅಂಗಾತ ಮಲಗು, ಮೂಗೂ ಕಾಲ್ಬೆರಳೂ ನೀರಿನ ಮೇಲೆ ಕಾಣಲಿ, ಕಾಲು ನೀರು ಹರಿದುಹೋಗುವ ಕಡೆಗೆ. ಬಂಡೆ ಬಂದರೆ ಕಾಲು ತಾಗುತ್ತದೆ, ತಲೆಗೆ ಏಟಾಗುವುದಿಲ್ಲ. ಎದ್ದು ನಿಲ್ಲಬೇಡ. ಈ ಕೊನೆಯ ಮಾತನ್ನು ಎರಡು ಸಲ ಹೇಳಿ. ಹರಿಯುವ ನೀರಿನಲ್ಲಿ ನಿಂತರೆ ಕಾಲು ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಳ್ಳಬಹುದು. ಆಗ ಹಿಂದಿನ ನೀರು ಮುಂದಕ್ಕೆ ಬೀಳಿಸಿ ತಲೆಯನ್ನು ಮುಳುಗಿಸುತ್ತದೆ. ಸೊಂಟದಷ್ಟು ನೀರೂ ಇದಕ್ಕೆ ಸಾಕು. ಕೈ ನೆಲಕ್ಕೆ ತಾಗುವಷ್ಟು ತೆಳು ನೀರಿಗೆ ಬಂದ ಮೇಲೆ, ಹರಿವು ಇಲ್ಲದ ಕಡೆ ಮಾತ್ರ ಏಳಬೇಕು.

ಬಿದ್ದ ಮರದ ಕಡೆಗೆ ಹೋಗುತ್ತಿದ್ದರೆ ಮಾತ್ರ ನಿಯಮ ಬೇರೆ. ಬೋರಲಾಗಿ ತಿರುಗಿ, ತಲೆ ಮುಂದೆ ಮಾಡಿ, ಜೋರಾಗಿ ಪಕ್ಕಕ್ಕೆ ಈಜಿ. ತಪ್ಪಿಸಲು ಆಗದಿದ್ದರೆ ಮರದ ಮೇಲಕ್ಕೆ ಹತ್ತಲು ನೋಡಿ, ಕೆಳಗೆ ಹೋಗಲು ಬಿಡಬೇಡಿ.

ಬಿದ್ದವರನ್ನು ಎತ್ತಿಕೊಳ್ಳುವಾಗ ಕೈ ಎಳೆಯಬೇಡಿ. ಜಾಕೆಟ್ಟಿನ ಎರಡೂ ಭುಜದ ಪಟ್ಟಿ ಹಿಡಿದು, ಮೊಣಕಾಲು ದೋಣಿಯ ಅಂಚಿಗೆ ಒತ್ತಿ, ಹಿಂದಕ್ಕೆ ಬೀಳಿ. ಅವರು ನಿಮ್ಮ ಮೇಲೆಯೇ ಬಂದು ಬೀಳುತ್ತಾರೆ. ಹಗ್ಗ ಎಸೆಯುವಾಗ ಮೊದಲು ಹೆಸರು ಕೂಗಿ. ನೋಡಿದ ಮೇಲೆ, ಅವರ ತಲೆಯನ್ನು ದಾಟಿ ಬೀಳುವಂತೆ ಎಸೆಯಿರಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಎಸೆದವರೂ ಹಿಡಿದವರೂ.

ವಿಶಲ್ ಒಂದು ಸಲ ಊದಿದರೆ "ಇಲ್ಲಿ ನೋಡಿ". ಮೂರು ಸಲ ಅಂದರೆ ಅಪಾಯ. ಎರಡು ದೋಣಿ ಇದ್ದಾಗ ಕೈಸನ್ನೆಯಲ್ಲಿ ಯಾವತ್ತೂ ಹೋಗಬೇಕಾದ ಕಡೆಗೇ ತೋರಿಸಿ. ಬಂಡೆಯ ಕಡೆ ಬೆರಳು ತೋರಿಸಿದರೆ ಹಿಂದಿನವರು ಅಲ್ಲಿಗೇ ಬರುತ್ತಾರೆ.

9. ನೀರನ್ನು ಓದುವುದು

ನೀರಿನ ಮೇಲ್ಮೈ ಕೆಳಗೆ ಏನಿದೆ ಎಂದು ಹೇಳುತ್ತಿರುತ್ತದೆ. ಎರಡು ಬಂಡೆಗಳ ನಡುವೆ ನುಣುಪಾದ ನೀರು ಬಾಣದ ಹಾಗೆ ಚೂಪಾಗಿ ಕೆಳದಿಕ್ಕಿಗೆ ಮುಖ ಮಾಡಿದ್ದರೆ ಅದು ದಾರಿ. ಇದನ್ನು ನೀರಿನ ನಾಲಿಗೆ ಅನ್ನುತ್ತಾರೆ. ಬಾಣದ ಚೂಪು ನಿಮ್ಮ ಕಡೆಗೆ ತಿರುಗಿದ್ದರೆ ಆ ತುದಿಯಲ್ಲಿ ಒಂದು ಕಲ್ಲು ಇದೆ, ಬಿಟ್ಟು ನಡೆಯಿರಿ. ಬಂಡೆಯ ಹಿಂಬದಿಯಲ್ಲಿ ನೀರು ಸುತ್ತಿ ಮೇಲಕ್ಕೆ ಬರುವ ಶಾಂತ ಜಾಗಕ್ಕೆ ಎಡ್ಡಿ ಎಂದು ಹೆಸರು. ದೋಣಿ ನಿಲ್ಲಿಸಿ ಉಸಿರು ತೆಗೆದುಕೊಳ್ಳಲು ಅದೇ ಜಾಗ.

ಅಡ್ಡಿ ಕಂಡ ಮೇಲೆ ಹುಟ್ಟು ಹಾಕಲು ಶುರು ಮಾಡಿದರೆ ತಡವಾಗಿರುತ್ತದೆ. ತುಂಬಿದ ರಾಫ್ಟ್ ಭಾರ, ಬೇಗ ತಿರುಗುವುದಿಲ್ಲ. ತಿರುವಿನ ಆಚೆ ಏನಿದೆ ಎಂದು ಕಾಣದಿದ್ದರೆ ಮೊದಲೇ ದಡಕ್ಕೆ ಹೋಗಿ, ಒಬ್ಬರು ಇಳಿದು ನೋಡಿ ಬರಲಿ. ಅನುಮಾನ ಬಂದರೆ ದೋಣಿಯನ್ನು ದಡದ ಮೇಲೆ ಎತ್ತಿಕೊಂಡು ದಾಟಿಸಿ. ಐವತ್ತು ಮೀಟರ್ ಹೊರುವುದಕ್ಕೆ ಯಾರೂ ನಾಚಿಕೊಳ್ಳಬೇಕಿಲ್ಲ.

ದೋಣಿ ಅಡ್ಡವಾಗಿ ಬಂಡೆಗೆ ತಾಗಿತು ಅಂದುಕೊಳ್ಳಿ. ಎಲ್ಲರೂ ಹೆದರಿ ಬಂಡೆಯಿಂದ ದೂರ ಸರಿಯುತ್ತಾರೆ. ಅದೇ ತಪ್ಪು. ನೀರು ಬರುವ ಕಡೆಯ ಅಂಚು ಕೆಳಗಿಳಿದು ದೋಣಿ ತುಂಬಿ ಮಗುಚುತ್ತದೆ. "ಬಂಡೆ ಕಡೆ!" ಎಂದು ಕೂಗಿ, ಎಲ್ಲರೂ ಬಂಡೆಯ ಕಡೆಗೇ ವಾಲಬೇಕು.

ಗುಡುಗು ಕೇಳಿದರೆ ನೀರಿನಿಂದ ಹೊರಬನ್ನಿ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಮತ್ತೆ ಇಳಿಯಬೇಡಿ. ಬಹಿರ್ದೆಸೆಗೆ ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ, ಒಂದು ಗೇಣು ಆಳ ಗುಂಡಿ ತೆಗೆದು ಮುಚ್ಚಬೇಕು. ಕೆಲವು ನದಿಗಳಲ್ಲಿ ಅದನ್ನೂ ಡಬ್ಬದಲ್ಲಿ ವಾಪಸ್ ತರಬೇಕೆಂಬ ನಿಯಮ ಇದೆ.

10. ರದ್ದು ಮಾಡುವುದು

ಇದನ್ನೂ ಒಂದು ಹಂತ ಎಂದೇ ಬರೆದಿದ್ದೇನೆ, ಯಾಕೆಂದರೆ ಬೆಳಿಗ್ಗೆ ಎದ್ದು ಮಕ್ಕಳ ಮುಖ ನೋಡಿದ ಮೇಲೆ "ಬೇಡ" ಅನ್ನುವುದು ತುಂಬಾ ಕಷ್ಟ. ಹಿಂದಿನ ರಾತ್ರಿಯೇ ಕಾಗದದ ಮೇಲೆ ಬರೆದಿಡಿ. ನೀರು ಕಂದು ಬಣ್ಣಕ್ಕೆ ತಿರುಗಿದ್ದರೆ ಇಲ್ಲ. ಕೊಂಬೆ, ಕಸ ತೇಲಿ ಬರುತ್ತಿದ್ದರೆ ಇಲ್ಲ. ದಡದ ಹುಲ್ಲು ಪೊದೆ ನೀರಿನಲ್ಲಿ ನಿಂತಿದ್ದರೆ ಇಲ್ಲ. ಮೇಲೆ ಮಳೆ ಬಿದ್ದಿದ್ದರೆ, ಹುಟ್ಟು ಹಾಕುವ ಇಬ್ಬರಲ್ಲಿ ಒಬ್ಬರಿಗೆ ಹುಷಾರಿಲ್ಲದಿದ್ದರೆ, ದೊಡ್ಡವರಲ್ಲಿ ಯಾರಾದರೂ ಮದ್ಯ ಕುಡಿದಿದ್ದರೆ ಇಲ್ಲ. ಚಿಕ್ಕ ಮಗು ದೋಣಿ ನೋಡಿ ಅತ್ತು, ಅರ್ಧ ಗಂಟೆ ದಡದಲ್ಲಿ ಆಡಿದ ಮೇಲೂ ಹತ್ತಲು ಒಪ್ಪದಿದ್ದರೆ ಅದೂ ಇಲ್ಲವೇ. ಅಂಥ ದಿನಕ್ಕೆ ಎರಡನೆಯ ಯೋಜನೆ ಇರಲಿ. ದೋಣಿಗೆ ಗಾಳಿ ತುಂಬಿ, ಹರಿವೇ ಇಲ್ಲದ ತೆಳುನೀರಿನಲ್ಲಿ, ಜಾಕೆಟ್ ಹಾಕಿಸಿಯೇ, ಸುಮ್ನೆ ಹತ್ತಿ ಇಳಿಯುವ ಆಟ ಆಡಿಸಿ. ನದಿಯ ಮಟ್ಟ ಏರಿದ್ದರೆ ಮಾತ್ರ ಅದೂ ಬೇಡ.

11. ವಾಪಸ್ ಬಂದ ಮೇಲೆ

ರಾಫ್ಟ್, ಹುಟ್ಟು, ಶೂಗಳಿಗೆ ಅಂಟಿದ ಕೆಸರು, ಸಸ್ಯದ ಎಳೆಗಳನ್ನು ದಡದಲ್ಲೇ ತೊಳೆದು ತೆಗೆಯಿರಿ. ಒಂದು ನದಿಯ ಕಳೆಯೋ ಸಣ್ಣ ಬಸವನಹುಳುವೋ ಇನ್ನೊಂದು ನದಿಗೆ ಹೀಗೇ ದಾಟುತ್ತದೆ, ಆಮೇಲೆ ತೆಗೆಯುವುದು ಅಸಾಧ್ಯ. ಬಾಡಿಗೆಯದಾದರೂ ಸ್ವಂತದ್ದಾದರೂ ದೋಣಿಯನ್ನು ಪೂರ್ತಿ ಒಣಗಿಸಿಯೇ ಮಡಿಸಿ, ಒದ್ದೆ ಮಡಿಸಿದರೆ ಬೂಸ್ಟು ಹಿಡಿದು ಅಂಟು ಬಿಡುತ್ತದೆ. ಕೊಡುವಾಗ ಫೋಟೋ ತೆಗೆದುಕೊಳ್ಳಿ. ದಡದವರಿಗೆ ತಲುಪಿದ್ದೇವೆ ಎಂದು ಫೋನ್ ಮಾಡಲು ಮರೆಯಬೇಡಿ, ಇದನ್ನು ಮರೆಯುವವರೇ ಜಾಸ್ತಿ.

ಅದೇ ರಾತ್ರಿ ಒಂದು ಪುಟದಲ್ಲಿ ಬರೆದಿಡಿ: ಆ ದಿನದ ನದಿಯ ಮಟ್ಟ ಎಷ್ಟಿತ್ತು, ಹೊರಟದ್ದು ಮುಗಿಸಿದ್ದು ಎಷ್ಟು ಹೊತ್ತಿಗೆ, ಯಾವ ತಿರುವಿನಲ್ಲಿ ಮರ ಬಿದ್ದಿತ್ತು, ಯಾವ ಸಾಮಾನು ಸುಮ್ಮನೆ ಹೊತ್ತುಕೊಂಡು ಹೋಗಿದ್ದಿರಿ, ಯಾವುದು ಕಡಿಮೆ ಬಿತ್ತು, ಒಟ್ಟು ಖರ್ಚು ಎಷ್ಟಾಯಿತು. ಮಕ್ಕಳನ್ನೂ ಕೇಳಿ ಬರೆಯಿರಿ. ಅವರಿಗೆ ಯಾವಾಗ ಬೇಜಾರಾಯಿತು, ಯಾವಾಗ ಚಳಿಯಾಯಿತು ಎಂಬುದು ಮುಂದಿನ ಸಲ ದೂರ ಎಷ್ಟಿರಬೇಕು ಎಂದು ತೀರ್ಮಾನಿಸುವಾಗ ಬೇಕಾಗುತ್ತದೆ.